ರಾಣಿಯ ಮಚ್ಚೆ ಓದಿದ ಮಳೆಗಾಲ

ಹೋದ ಆಷಾಢದಲ್ಲಿ ಲೋಂಡಾದ ಗೆಳತಿಯೊಬ್ಬಳ ಮಾವ ತೀರಿಕೊಂಡಿದ್ದರು. ಮಾತಾಡಿಸಿಕೊಂಡು ಬರಲು ಬೆಳಗಾವಿಯಿಂದ ಪ್ಯಾಸೆಂಜರ್ ಹತ್ತಿದೆ. ಊರು ಬಿಡುವಾಗ ಬರೀ ಮೋಡವಿತ್ತು. ದೇಸೂರು ದಾಟುತ್ತಲೇ ಮಳೆ ಹಿಡಿಯಿತು. ಎದುರಿನ ಗಾಡಿಗೆ ದಾರಿ ಬಿಡಲೆಂದು ನಮ್ಮನ್ನು ಖಾನಾಪುರ ಸ್ಟೇಶನ್ನಿನಲ್ಲಿ ನಿಲ್ಲಿಸಿದರು. ಉಸಿರು ಕಟ್ಟಿದಂತಾಗಿ ಕಿಟಕಿ ಎತ್ತಿದೆ. ಹಸಿ ಜೇಡಿಮಣ್ಣು ಮತ್ತು ಹಂಚಿನ ಭಟ್ಟಿಯ ಹೊಗೆ ಕಲಸಿದ ಆ ವಾಸನೆ ಒಳಗೆ ನುಗ್ಗಿತು. ಇಪ್ಪತ್ತು ವರ್ಷದ ಮೇಲಾದರೂ ಅದು ಬದಲಾಗಿರಲಿಲ್ಲ.

ಎದುರು ಸೀಟಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಪುಸ್ತಕದಲ್ಲಿ ಮುಖ ಹುದುಗಿಸಿ ಕೂತಿದ್ದಳು. ಹೊದಿಕೆಯ ಮೇಲೆ ಹೆಣ್ಣಿನ ಕುತ್ತಿಗೆಯ ಚಿತ್ರ, ಅದರ ಮೇಲೊಂದು ಕಪ್ಪು ಚುಕ್ಕೆ. ‘ರಾಣಿಯ ಮಚ್ಚೆ’. ಹೊಸ ಮುದ್ರಣ.

"ಛಲೋ ಐತೇನವಾ?" ಎಂದು ಕೇಳಿದೆ. ಕೇಳಬಾರದಿತ್ತು.

"ಭಾಳ ಛಲೋ ಐತ್ರಿ ಆಂಟಿ. ಕೊಂದಾರ್ಯಾರು ಅಂತ ಕಡೀತನಾ ತಿಳಿಯಂಗಿಲ್ಲಂತ. ನೀವು ಓದೀರೇನ್ರಿ?"

"ಓದೇನಿ."

"ಹೇಳಬ್ಯಾಡ್ರಿ ಮತ್ತ!" ಎಂದು ಅವಳು ನಕ್ಕು ಮತ್ತೆ ಪುಟಕ್ಕೆ ಬಗ್ಗಿದಳು. ಹೇಳುವುದಿಲ್ಲ ಎಂದು ನಾನೂ ನಕ್ಕೆ. ಗಾಡಿ ಬಿಡುವವರೆಗೆ ಹೊರಗೇ ನೋಡುತ್ತ ಕೂತೆ.

ಹೊಸ ಸಹಸ್ರಮಾನ ಬಂತೆಂದು ಜನ ಪಟಾಕಿ ಹೊಡೆದ ವರ್ಷದ ಮಳೆಗಾಲ ಅದು. ನಮ್ಮ ಮನೆ ಇದ್ದದ್ದು ಬೆಳಗಾವಿಯ ರವಿವಾರ ಪೇಟೆಯ ಹಿಂದಿನ ಓಣಿಯಲ್ಲಿ. ಅಪ್ಪ ಅಲ್ಲಿನ ಬೆಲ್ಲದ ಅಂಗಡಿಯೊಂದರಲ್ಲಿ ಗುಮಾಸ್ತ. ನನ್ನ ಅಕ್ಕ ಪಾರ್ವತಿ, ನಮ್ಮೆಲ್ಲರ ಪಾರಕ್ಕ, ಖಾನಾಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ಊರವರ ಬಾಯಲ್ಲಿ ಅವಳು ‘ಚಿತ್ರದ ಅಕ್ಕೋರು’. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಆ ವರ್ಷ ಆಗುವುದೆಂದು ಸಾಲಿಯ ಸೆಕ್ರೆಟರಿ ಮಾತು ಕೊಟ್ಟಿದ್ದರು. ಮದುವೆಯಾಗದ ಹುಡುಗಿ ಒಬ್ಬಳೇ ಇರುವುದು ಬೇಡವೆಂದು ಅವ್ವ ನನ್ನನ್ನೂ ಅವಳ ಜೊತೆಗೆ ಇಟ್ಟಿದ್ದಳು. ನಾನು ಅಲ್ಲಿಂದ ದಿನಾ ರೈಲಿನಲ್ಲಿ ಬೆಳಗಾವಿಗೆ ಹೋಗಿ ಬಿ.ಎಡ್. ಮಾಡುತ್ತಿದ್ದೆ.

ನಾವಿದ್ದದ್ದು ಶಾಂತಾಕಾಕು ಎಂಬ ಮರಾಠಿ ಹೆಂಗಸಿನ ಹಂಚಿನ ಮನೆಯ ಎರಡು ಕೋಣೆಗಳಲ್ಲಿ. ಗಂಡ ತೀರಿಹೋಗಿ ಆಕೆ ಒಬ್ಬಳೇ ಇದ್ದಳು. ಅವಳ ಭಾಗಕ್ಕೂ ನಮ್ಮ ಭಾಗಕ್ಕೂ ನಡುವೆ ಒಂದು ಮಣ್ಣಿನ ಗೋಡೆ. ಯಾವುದೋ ಕಾಲದ ಗೂಟ ಕಿತ್ತುಬಂದು ಅದರಲ್ಲೊಂದು ತೂತಾಗಿತ್ತು. ಕಾಕು ತನ್ನ ಕಡೆ ಕ್ಯಾಲೆಂಡರ್ ಹಾಕಿ ಮುಚ್ಚಿದ್ದಳು. ನಮ್ಮ ಕಡೆ ಅದು ಸುಣ್ಣದ ಗೋಡೆಯ ಮೇಲೆ ಕಪ್ಪು ಬೊಟ್ಟಿನ ಹಾಗೆ ಕಾಣುತ್ತಿತ್ತು.

ಅಕ್ಕ ಎಡಗೈಯಿಂದ ಚಿತ್ರ ಬಿಡಿಸುತ್ತಿದ್ದಳು. ಬಿಡಿಸುವಾಗ ಜಡೆಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯುವುದು ಸಣ್ಣಂದಿನಿಂದ ಬಂದ ಚಟ. ಅದಕ್ಕಿಂತ ಹೆಚ್ಚಿಗೆ, ಅವಳು ಕತೆ ಕಟ್ಟುತ್ತಿದ್ದಳು. ಚಿಕ್ಕವರಿದ್ದಾಗ ರೊಟ್ಟಿ ಬಡಿಯುತ್ತ ಅವ್ವನಿಗೂ ನನಗೂ ಅವಳು ಹೇಳಿದ ಕತೆಗಳಿಗೆ ತಲೆ ಬುಡ ಎಲ್ಲಾ ಇರುತ್ತಿತ್ತು. ಯಾವುದನ್ನೂ ಎಲ್ಲೂ ಓದಿದ್ದಲ್ಲ. ಬರೆಯುವ ಅಭ್ಯಾಸ ಮಾತ್ರ ಇರಲಿಲ್ಲ. "ಬರದ್ರ ಸಾಯ್ತಾವ" ಅನ್ನುತ್ತಿದ್ದಳು.

ದೇಶನೂರ ಸರ್ ಅದರ ಹಿಂದಿನ ವರ್ಷ ನಮಗೆ ಪರಿಚಯವಾದವರು. ಬೆಳಗಾವಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಿದ್ದರು. ಸಾಲಿಯ ಸ್ಪರ್ಧೆಗಳಿಗೆ ನಿರ್ಣಾಯಕರಾಗಿ ಬಂದವರು ಅಕ್ಕ ಗೋಡೆಗೆ ಹಾಕಿದ್ದ ಚಿತ್ರಗಳ ಮುಂದೆ ಬಹಳ ಹೊತ್ತು ನಿಂತರು. ಹಳೆಗನ್ನಡ ಕಾವ್ಯಗಳ ಮೇಲೆ ಲೇಖನ ಬರೆಯುತ್ತಿದ್ದೇನೆ, ಅವಕ್ಕೆ ಚಿತ್ರ ಬರೆದು ಕೊಡುವಿರಾ ಎಂದರು. ಅಂದಿನಿಂದ ಐತವಾರ ಬಂದರೆ ನಮ್ಮಲ್ಲಿಗೆ ಬರುವುದು ರೂಢಿಯಾಯಿತು. ಮೊದಮೊದಲು ಕೆಲವು ಸಲ ಹೆಂಡತಿಯನ್ನೂ ಕರೆತರುತ್ತಿದ್ದರು. ಆಕೆಯನ್ನು ನಾವು ವೈನಿ ಎನ್ನುತ್ತಿದ್ದೆವು. ಅಕ್ಕನ ಕೈ ಹಿಡಿದುಕೊಂಡು, "ನಿಮ್ಮ ಬೆರಳಾಗ ಏನೈತ್ರೀ, ನಮಗ ಒಂದ ರಂಗೋಲಿ ಸುದ್ದಾ ಬರಂಗಿಲ್ಲ" ಎನ್ನುತ್ತಿದ್ದರು.

ಸರ್ ಗಮಕದ ಧಾಟಿಯಲ್ಲಿ ಪದ್ಯ ಓದುತ್ತಿದ್ದರು. ದನಿ ನಿಜಕ್ಕೂ ಚೆಂದ. ಕನ್ನಡವೇ ಅರ್ಧಂಬರ್ಧ ಬರುತ್ತಿದ್ದ ಶಾಂತಾಕಾಕು ಕೂಡ ಹೊಸ್ತಿಲಲ್ಲಿ ಕೂತು, "ಕಿತೀ ಗೋಡ ವಾಚತಾತ!" ಎಂದು, ಎಷ್ಟು ಸಿಹಿಯಾಗಿ ಓದುತ್ತಾರೆಂದು, ತಲೆ ತೂಗುತ್ತಿದ್ದಳು. ನಡುವೆ ಕಣಕಿನ ಕಡುಬು, ಚಹಾ. ಹೊರಗೆ ಮಳೆ.

ಒಂದು ಐತವಾರ ಅವರು ಓದಿದ ಪ್ರಸಂಗದಲ್ಲಿ ಒಬ್ಬ ಆಸ್ಥಾನದ ಚಿತ್ರಕಾರ ರಾಣಿಯನ್ನು ನೋಡದೆಯೇ ಅವಳ ಚಿತ್ರ ಬರೆಯುತ್ತಾನೆ. ಬರೆದದ್ದು ಎಷ್ಟು ಸರಿಯಿರುತ್ತದೆಂದರೆ, ಸೆರಗಿನೊಳಗೆ ಮರೆಯಾಗಿರುವ ಕುತ್ತಿಗೆಯ ಬುಡದ ಮಚ್ಚೆಯೂ ಅದರಲ್ಲಿ ಬಂದಿರುತ್ತದೆ. ರಾಜ ಸಂಶಯಪಟ್ಟು ಅವನನ್ನು ಕೊಲ್ಲಿಸುತ್ತಾನೆ.

"ಆ ಮಚ್ಚಿ ಐತಿ ಅಂತ ಅಂವಗ ಹೆಂಗ ಗೊತ್ತಾತ್ರಿ ಸರ್?" ಎಂದಳು ಅಕ್ಕ.

"ದೈವೀ ಪ್ರತಿಭಾ ಪಾರ್ವತಿ. ಅದನ್ನ ಕವಿ ಹೇಳಾಕ ಹೊಂಟಾನ."

"ಪ್ರತಿಭಾ ಅಲ್ರಿ. ಗ್ವಾಡ್ಯಾಗ ತೂತು ಇದ್ದಿರಬೇಕು."

ನಾವೆಲ್ಲ ನಕ್ಕೆವು. ‘ಮಚ್ಚೆ’ ಎಂದದ್ದು ಕಿವಿಗೆ ಬಿದ್ದು ಕಾಕು, ಬೆಳಗಾವಿ ಬದಿಯ ಮಚ್ಛೆ ಊರಿನ ಸುದ್ದಿಯೇನೋ ಎಂದುಕೊಂಡು, "ಮಚ್ಛೇ ರಾಣಿ? ಅಲ್ಲಿ ಯಾ ರಾಣಿ ಇದ್ದಳು?" ಎಂದು ಕೇಳಿದಾಗ ಇನ್ನೂ ನಕ್ಕೆವು. ಅಕ್ಕ ಮಾತ್ರ ಗೋಡೆಯ ಆ ಕಪ್ಪು ಬೊಟ್ಟನ್ನೇ ನೋಡುತ್ತ ಜಡೆ ಬಾಯಿಗೆ ಹಾಕಿಕೊಂಡಳು. ಆಮೇಲೆ ನಿಧಾನಕ್ಕೆ ಹೇಳತೊಡಗಿದಳು.

ಹೊಳೆದಂಡೆಯ ಮೇಲೆ ಒಬ್ಬ ದೇಸಾಯಿಯ ವಾಡೆ. ಅದರ ಪಡಸಾಲೆಯ ಗೋಡೆಯ ತುಂಬ ಆ ಕಾವ್ಯದ ಹಳೆಯ ಚಿತ್ರಗಳು. ಬಣ್ಣ ಉದುರಿದ್ದನ್ನು ಸರಿಮಾಡಲು ಒಬ್ಬ ಚಿತ್ರಗಾರ್ತಿಯನ್ನು ಕರೆಸುತ್ತಾರೆ. ಒಂದೊಂದು ಚಿತ್ರಕ್ಕೆ ಬಣ್ಣ ತುಂಬಿದ ಹಾಗೆ, ಆ ಚಿತ್ರದಲ್ಲಿರುವಂತೆಯೇ ಮನೆಯಲ್ಲೊಬ್ಬರು ಸಾಯುತ್ತಾರೆ. ಕೊನೆಗೆ ಆಕೆ ರಾಣಿಯ ಕುತ್ತಿಗೆಯ ಮಚ್ಚೆಗೆ ಕಪ್ಪು ಹಚ್ಚಲು ಹೋಗುತ್ತಾಳೆ.

"ಕುಂಚ ಒಳಗ ಹೋಗಿಬಿಡ್ತೈತಿ" ಎಂದಳು ಅಕ್ಕ.

ಮಚ್ಚೆ ಎಂದು ಇಷ್ಟು ದಿನ ನೋಡಿದ್ದು ಮಚ್ಚೆಯಲ್ಲ, ತೂತು. ಅದರ ಹಿಂದಿನ ಕತ್ತಲೆ ಕೋಣೆಯಲ್ಲಿ ಕೂತು ಯಾರೋ ವಾಡೆಯ ಮಂದಿಯನ್ನೆಲ್ಲ ದಿನವೂ ನೋಡುತ್ತಿದ್ದಾರೆ. ಯಾರು ಅನ್ನುವುದನ್ನು ಅವಳು ಆವತ್ತು ಹೇಳಲಿಲ್ಲ. ಮುಂದಿನ ಐತವಾರಗಳಲ್ಲಿ ಕತೆ ಮುಂದುವರಿಯಿತು; ವೈನಿ ಬರುವುದು ಅಷ್ಟರಲ್ಲಿ ನಿಂತಿತ್ತು. ಸರ್ ನಡುನಡುವೆ ಬಾಯಿ ಹಾಕಿ ಹಳೆಯ ಪದ್ಯ ಜೋಡಿಸುತ್ತಿದ್ದರು, ವಾಡೆಗಳ ರಿವಾಜು ಹೇಳುತ್ತಿದ್ದರು. ಅದು ಅವರ ಪಾಲು, ಅದನ್ನು ಇಲ್ಲವೆನ್ನಲಾರೆ. ಕೊನೆಗೆ ಕೊಲೆಗಾರ ಯಾರೆಂದರೆ, ವಾಡೆಗೆ ಬಂದು ಕಾವ್ಯ ಓದಿ ಅರ್ಥ ಹೇಳುವ ಪಂಡಿತ. ತೂತು ಇದ್ದ ಎತ್ತರದಿಂದ ಚಿತ್ರಗಾರ್ತಿ ಅದನ್ನು ಕಂಡುಹಿಡಿಯುತ್ತಾಳೆ. ನಿಂತವರ ಕಣ್ಣಿಗೆ ಅದು ಸಿಗುವುದಿಲ್ಲ; ಚಕ್ಕಳಮಕ್ಕಳ ಹಾಕಿ ಕೂತವನ ಕಣ್ಣಿಗೆ ಸರಿಯಾಗಿ ಸಿಗುತ್ತದೆ. ಆ ಮನೆಯಲ್ಲಿ ಗಂಟೆಗಟ್ಟಲೆ ಹಾಗೆ ಕೂರುವವನು ಪಂಡಿತನೊಬ್ಬನೇ.

"ಅಲ್ಲವಾ, ನನ್ನ ಹಿಡದ ಕೊಡತೀ ಏನ?" ಎಂದು ಸರ್ ಜೋರಾಗಿ ನಕ್ಕರು. ಆಮೇಲೆ ಗಂಭೀರವಾಗಿ, "ಇದನ್ನ ಬರೀಬೇಕು ಪಾರ್ವತಿ. ಇಬ್ಬರೂ ಕೂಡಿ ಪುಸ್ತಕ ಮಾಡೂಣು. ಮಾತು ನಂದು, ಚಿತ್ರ ನಿಂದು" ಎಂದರು.

ಸಂಕ್ರಾಂತಿ ಕಳೆದ ಮೇಲೆ ಅವರು ಬರುವುದು ಕಡಿಮೆಯಾಯಿತು. ಪರೀಕ್ಷೆ, ಪೇಪರು ಎಂದರು. ಬೇಸಿಗೆಗೆ ಪೂರ್ತಿ ನಿಂತಿತು. ಅಕ್ಕ ಆ ಪುಸ್ತಕಕ್ಕೆಂದು ವಾಡೆಯ ಚಿತ್ರಗಳನ್ನು ಬರೆಯುತ್ತಲೇ ಇದ್ದಳು.

ಮೃಗಶಿರಾ ಮಳೆ ಸುರುವಾದ ಮೇಲೆ ಒಂದು ಬೇಸ್ತವಾರ ಸಂಜೆ ನಾನು ಬೆಳಗಾವಿ ಸ್ಟೇಶನ್ನಿನ ಪುಸ್ತಕದ ಗಾಡಿಯಲ್ಲಿ ವಾರಪತ್ರಿಕೆ ತಿರುವಿ ಹಾಕುತ್ತಿದ್ದೆ. ‘ರಾಣಿಯ ಮಚ್ಚೆ, ಕುತೂಹಲಕಾರಿ ಪತ್ತೇದಾರಿ ಧಾರಾವಾಹಿ, ಇಂದಿನಿಂದ.’ ಕೆಳಗೆ ದೇಶನೂರ ಸರ್ ಹೆಸರು. ನನಗೆ ಮೊದಲು ಆದದ್ದು ಸಂತೋಷ. ರೈಲು ಖಾನಾಪುರ ಮುಟ್ಟುವುದರೊಳಗೆ ಎರಡು ಸಲ ಓದಿದೆ. ಚಿತ್ರ ಮಾತ್ರ ಬೇರೆ ಯಾರೋ ಬರೆದಿದ್ದರು. ಅದನ್ನು ಕಂಡೂ ನಾನು ಏನೂ ಅಂದುಕೊಳ್ಳಲಿಲ್ಲ. ಪತ್ರಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನಾನು ತೊಯ್ದು, ಮನೆಗೆ ಓಡಿದೆ.

ಅಕ್ಕ ನಿಂತಲ್ಲೇ ಓದಿದಳು.

"ಛಲೋ ಬರದಾರ" ಎಂದಳು. ಪತ್ರಿಕೆ ಮಡಚಿಟ್ಟು ಒಲೆಯ ಮುಂದೆ ಹೋಗಿ ಕೂತಳು. ಕೊಳ್ಳಿ ಒಳಗೆ ತಳ್ಳುತ್ತ, "ನನಗೊಂದ ಮಾತು ಹೇಳಬೇಕಾಗಿತ್ತಲ್ಲ ಶಾರೀ?" ಎಂದಳು.

ಪತ್ರಿಕೆಗೆ ಬರೆದು ತಿಳಿಸೋಣ ಎಂದೆ. "ಏನಂತ ಬರೀಲಿ? ನಾ ಬಾಯಿಲೆ ಹೇಳಿದ್ದು ಅಂತ? ಕೇಳಿದಾರು ಯಾರು? ನೀನು, ಕಾಕು. ಒಬ್ಬಾಕಿ ತಂಗಿ, ಇನ್ನೊಬ್ಬಾಕಿಗೆ ಕನ್ನಡ ಬರಂಗಿಲ್ಲ" ಎಂದಳು.

ಆ ಧಾರಾವಾಹಿ ಖಾನಾಪುರವನ್ನು ಹಿಡಿದುಬಿಟ್ಟಿತು. ಮಲಪ್ರಭೆ ತುಂಬಿ ಹರಿಯುತ್ತಿದ್ದಳು, ಹೊರಗೆ ಹೋಗುವಂತಿಲ್ಲ, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಓದಲು ತಕ್ಕ ಕಾಲ. ಬೇಸ್ತವಾರ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಪತ್ರಿಕೆ ಬಂದ ಕೂಡಲೇ ಖಾಲಿ. ಸಾಲಿಯ ಮಾಸ್ತರರು ಕೂಡಿ ಓದುತ್ತಿದ್ದರು, ಮುಂದೆ ಸಾಯುವವರು ಯಾರೆಂದು ಚಹಾಕ್ಕೆ ಪಣ ಕಟ್ಟುತ್ತಿದ್ದರು. ಅಕ್ಕನೂ ಕಾಯುತ್ತಿದ್ದಳು. ತಾನೇ ಕಟ್ಟಿದ ಕತೆಯಲ್ಲಿ ಮುಂದೇನಾಗುತ್ತದೋ ಎಂದು ಎದೆ ಹಿಡಿದುಕೊಂಡು ಓದುತ್ತಿದ್ದಳು. ಯಾಕೆಂದರೆ ಸರ್ ಕತೆಯನ್ನು ಅಲ್ಲಲ್ಲಿ ತಿರುಗಿಸತೊಡಗಿದ್ದರು.

ಮೊದಲು ಬಂದದ್ದು ಚಿತ್ರಗಾರ್ತಿಯ ವರ್ಣನೆ. ಹೆಸರು ಕಲಾವತಿ. ಎಡಗೈಯಿಂದ ಕುಂಚ ಹಿಡಿಯುತ್ತಾಳೆ. ಜಡೆಯ ತುದಿ ಕಚ್ಚುತ್ತಾಳೆ. ಆ ವಾರವೇ ಸಾಲಿಯಲ್ಲಿ ಅಕ್ಕ ತರಗತಿಗೆ ಹೋಗುವಷ್ಟರಲ್ಲಿ ಹಲಗೆಯ ಮೇಲೆ ಯಾರೋ ಉದ್ದ ಕುತ್ತಿಗೆಯೊಂದನ್ನು ಬರೆದು ಚುಕ್ಕೆ ಇಟ್ಟಿದ್ದರು. "ಕುತ್ತಿಗಿ ಭಾಳ ಉದ್ದಾಗೈತಿ" ಎಂದು ಅಕ್ಕ ಅದನ್ನೇ ತಿದ್ದಿ ಪಾಠ ಮಾಡಿ ಬಂದಳಂತೆ. ಮನೆಗೆ ಬಂದು ನಗುತ್ತಲೇ ಹೇಳಿದಳು. ಅವತ್ತಿನವರೆಗೆ ಇನ್ನೂ ನಗು ಇತ್ತು.

ಆಮೇಲಿನ ಕಂತುಗಳಲ್ಲಿ ಕಲಾವತಿಗೆ ಪಂಡಿತನ ಮೇಲೆ ಮನಸ್ಸಾಯಿತು. ಪಂಡಿತ ಸಂಸಾರಸ್ಥ, ಸಜ್ಜನ, ಇವಳ ಕಡೆ ಕಣ್ಣೆತ್ತಿಯೂ ನೋಡುವವನಲ್ಲ. ಒಂದು ಮಳೆಯ ಮಧ್ಯಾಹ್ನ ಆಕೆ ಅವನ ಕಾಲು ಹಿಡಿದು ಅಳುತ್ತಾಳೆ, ಅವನು ಎಬ್ಬಿಸಿ ಬುದ್ಧಿ ಹೇಳಿ ಕಳಿಸುತ್ತಾನೆ. ಎರಡು ಪುಟದ ವರ್ಣನೆ. ಅದರಲ್ಲಿ ನಮ್ಮ ಕೋಣೆಯ ಸುಣ್ಣದ ಗೋಡೆ ಇತ್ತು, ನಮ್ಮ ಹಿತ್ತಾಳೆಯ ಚಹಾದ ಲೋಟ ಕೂಡ ಇತ್ತು.

ಅದನ್ನು ಓದಿ ಅಕ್ಕ ಗೋಡೆಗೆ ಆತು ಕೂತಳು. "ಕತಿ ಒಯ್ದದ್ದಕ್ಕ ಸಿಟ್ಟಿಲ್ಲ ಬಿಡು" ಎಂದಳು. "ನಾ ಅಂವನ ಬೆನ್ನ ಹತ್ತಿದ್ದೆ ಅಂತ ಬರದಾನ. ಯಾಕ ಬರೀಬೇಕು? ನಾ ಅಂವಗ ಏನ ಮಾಡಿದ್ನಿ?"

ಅವಳಿಗೂ ಅವರಿಗೂ ನಡುವೆ ಅಂಥದ್ದೇನೂ ಇರಲಿಲ್ಲ. ಐತವಾರಗಳಲ್ಲಿ ನಾನು ಅಲ್ಲೇ ಇರುತ್ತಿದ್ದೆ, ಕಾಕು ಹೊಸ್ತಿಲಲ್ಲಿ ಇರುತ್ತಿದ್ದಳು. ಆದರೆ ಓದಿದವರಿಗೆ ಸರ್ ಪ್ರತಿ ವಾರ ಖಾನಾಪುರಕ್ಕೆ ಬರುತ್ತಿದ್ದದ್ದು ಗೊತ್ತಿತ್ತು, ಈಗ ನಿಂತದ್ದೂ ಗೊತ್ತಿತ್ತು. ನಡುವೆ ಏನಾಯಿತೆಂದು ಪತ್ರಿಕೆ ಹೇಳುತ್ತಿತ್ತು. ಮಾಸ್ತರರ ಕೋಣೆಗೆ ಅಕ್ಕ ಹೋದರೆ ಮಾತು ನಿಲ್ಲತೊಡಗಿತು.

ಕಾಕು ಮಾತ್ರ ಸುಮ್ಮನಿರಲಿಲ್ಲ. ಓಣಿಯ ಹೆಂಗಸರು ಏನೋ ಅಂದದ್ದು ಕೇಳಿ ಬಾಗಿಲಿಗೆ ಬಂದು, "ಖರೇ ಅಲ್ಲ ಅದು! ನಾ ಇದ್ದೆ ಅಲ್ಲಿ! ದರ ಐತವಾರ ನಾ ಇದ್ದೆ! ಆ ಮಾಣೂಸ ನಮ್ಮ ಹುಡುಗೀ ಗೋಷ್ಟ ಚೋರಿ ಮಾಡ್ಯಾನ!" ಎಂದು ಕೂಗಾಡಿದಳು. ಗೋಷ್ಟ ಎಂದರೆ ಮರಾಠಿಯಲ್ಲಿ ಕತೆ. ನಕ್ಕವರೇ ಹೆಚ್ಚು. ಬೆಳಗಾವಿಗೆ ನಡೆ, ಅವನ ಮನೆ ಮುಂದೆ ನಿಂತು ಬೈಯುತ್ತೇನೆ ಎಂದವಳನ್ನು ಅಕ್ಕನೇ ಕೈ ಹಿಡಿದು ಒಳಗೆ ಕರೆದುಕೊಂಡು ಬಂದಳು.

ಪಂಚಮಿಗೆಂದು ನಾವಿಬ್ಬರೂ ಊರಿಗೆ ಹೋದೆವು. ಅವ್ವ ಉಂಡೆ ಕಟ್ಟುತ್ತಿದ್ದಳು, ಅಕ್ಕ ಅಡುಗೆಮನೆಯಲ್ಲಿ ಅವಳ ಜೊತೆಗಿದ್ದಳು. ಅಪ್ಪ ಜೀವನದಲ್ಲಿ ಕತೆ ಪುಸ್ತಕ ಮುಟ್ಟಿದವರಲ್ಲ. ಅಂಗಡಿಯಿಂದ ಬಂದವರು ಟೋಪಿ ತೆಗೆದು ಗೂಟಕ್ಕೆ ಹಾಕಿ, ಅಂಗಿಯೊಳಗಿಂದ ಮಡಚಿದ ವಾರಪತ್ರಿಕೆ ತೆಗೆದರು.

"ಶಾರೀ, ಇದರಾಗಿಂದು ಆ ಕತಿ ಓದ ನನಗ."

ಓದಿದೆ. ಕಾಲು ಹಿಡಿದು ಅಳುವ ಕಂತೇ ಅದು. ದನಿ ತಗ್ಗಿಸಿದರೆ, "ಜ್ವಾರ್ಲೆ ಓದು" ಎಂದರು. ಮುಗಿದ ಮೇಲೆ ಪತ್ರಿಕೆ ಇಸಿದುಕೊಂಡು ಮತ್ತೆ ಮಡಚಿದರು.

"ಇದರಾಗ ಖರೇ ಎಷ್ಟವಾ?"

"ಅಪ್ಪಾ!" ಎಂದೆ.

"ನಾ ಕೇಳೂದಲ್ಲ. ಪ್ಯಾಟ್ಯಾಗ ಕೇಳತಾರ."

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಗೆಲ್ಲ ಎಳ್ಳು ಬೆಲ್ಲ ಅಂಟಿತ್ತು. "ತೂತು ಖರೇ ಅಪ್ಪಾ. ಉಳದದ್ದೆಲ್ಲಾ ಸುಳ್ಳ" ಎಂದಳು. ಅಪ್ಪ ತಲೆ ಅಲ್ಲಾಡಿಸಿದರು. ಒಪ್ಪಿದರೋ ಇಲ್ಲವೋ ಅವರ ಮುಖದಲ್ಲಿ ತಿಳಿಯಲಿಲ್ಲ. ಊಟಕ್ಕೆ ಕೂತಾಗ ಅಕ್ಕ ಬಡಿಸಲು ಬಂದರೆ ತಾಟಿನ ಮೇಲೆ ಕೈ ಅಡ್ಡ ಹಿಡಿದು ಸಾಕು ಎಂದರು. ಎರಡು ತುತ್ತೂ ಉಂಡಿರಲಿಲ್ಲ.

ಅದು ಅವಳಿಗೆ ತಡೆಯಲಿಲ್ಲ. ಮರುದಿನ ಬೆಳಗ್ಗೆ ಸೀರೆ ಬದಲಿಸಿ, "ನಡಿ, ಅವರ ಮನಿಗೆ ಹೋಗೂಣು" ಎಂದಳು.

ಸರ್ ಮನೆ ಟಿಳಕವಾಡಿಯಲ್ಲಿತ್ತು. ಜಿನುಗುವ ಮಳೆಯಲ್ಲಿ ಒಂದೇ ಕೊಡೆ ಹಿಡಿದುಕೊಂಡು ಹೋದೆವು. ಬಾಗಿಲು ತೆಗೆದವರು ವೈನಿ. ನಮ್ಮನ್ನು ನೋಡಿ ಅವರ ಮುಖ ಬಿಗಿಯಿತು.

"ಯಾಕ ಬಂದಿ?" ಎಂದರು. ಅಲ್ಲಿಯವರೆಗೆ ಅವರು ಅಕ್ಕನಿಗೆ ‘ನೀವು’ ಬಿಟ್ಟು ಮಾತಾಡಿದವರಲ್ಲ.

"ಸರ್ ಹತ್ರ ಮಾತಾಡೂದಿತ್ರಿ ವೈನಿ."

"ಇನ್ನೂ ಏನ ಉಳದೈತಿ ಮಾತಾಡೂದು? ಎಲ್ಲಾ ಬರದಾರಲ್ಲ. ನಾನೂ ಓದೇನಿ. ನಿನ್ನ ಕೈ ಹಿಡದ ಮಾತಾಡತಿದ್ನೆಲ್ಲಾ, ನನ್ನ ಬುದ್ಧಿಗೆ ಏನನ್ನಬೇಕು."

ಮಾತು ಕೇಳಿ ಸರ್ ಹೊರಗೆ ಬಂದರು. ಕನ್ನಡಕ ಕೈಯಲ್ಲಿತ್ತು. ಕುಂದರ್ರಿ ಎನ್ನಲಿಲ್ಲ.

ಅಕ್ಕ ಹೊಸ್ತಿಲಾಚೆಯೇ ನಿಂತು ಮಾತಾಡಿದಳು. "ಸರ್, ಕತಿ ನೀವ ಇಟಗೋರ್ರಿ. ನನ್ನ ಹೆಸರು ಬ್ಯಾಡ, ನನ್ನ ಚಿತ್ರ ಬ್ಯಾಡ. ವೈನಿ ಮುಂದ ಒಂದ ಮಾತು ಹೇಳ್ರಿ. ನಾ ಯಾವತ್ತರ ನಿಮ್ಮ ಜೋಡಿ ಹಂಗ ನಡಕೊಂಡೇನಿ? ಹಂಗೇನೂ ಇರಲಿಲ್ಲ ಅಂತ ಹೇಳ್ರಿ, ಸಾಕು. ನಾ ಹೊಳ್ಳಿ ಹೋಗತೀನಿ."

ವೈನಿ ಗಂಡನ ಕಡೆ ತಿರುಗಿದರು. ಆ ಕಣ್ಣಿನಲ್ಲಿ ಸಿಟ್ಟಿನ ಜೊತೆಗೆ ಆಸೆಯೂ ಇತ್ತು. ಅದನ್ನು ನಾನು ಕಂಡೆ. "ಹೇಳ್ರಿ. ಹಂಗೇನೂ ಇರಲಿಲ್ಲಂದ್ರ ಐತಾರಕ್ಕೊಮ್ಮಿ ಅಷ್ಟ ದೂರ ಹೋಗಿ ಏನ ಮಾಡತಿದ್ರಿ?"

ಉತ್ತರ ಇದ್ದದ್ದು ಒಂದೇ. ಈ ಹುಡುಗಿ ಕತೆ ಹೇಳುತ್ತಿದ್ದಳು, ನಾನು ಕೇಳುತ್ತಿದ್ದೆ ಎಂದು. ಅಷ್ಟು ಹೇಳಿದ್ದರೆ ಇಬ್ಬರು ಹೆಂಗಸರ ಬದುಕು ಹಗುರಾಗುತ್ತಿತ್ತು. ಸರ್ ಧೋತರದ ಚುಂಗಿನಿಂದ ಕನ್ನಡಕ ಒರೆಸಿದರು. ಒಂದು ಕಡೆ ಒರೆಸಿ, ತಿರುಗಿಸಿ, ಇನ್ನೊಂದು ಕಡೆ ಒರೆಸಿದರು.

"ಸಾಹಿತ್ಯದ ಕಲ್ಪನೆಯೇ ಬೇರೆ, ವಾಸ್ತವವೇ ಬೇರೆ" ಎಂದರು, ತರಗತಿಯಲ್ಲಿ ಹೇಳುವ ಕನ್ನಡದಲ್ಲಿ. "ಓದುಗರು ಅದನ್ನು ಅರ್ಥ ಮಾಡಿಕೊಳ್ಳಬೇಕು."

ಅಷ್ಟು ಹೇಳಿ ಒಳಗೆ ಹೋದರು. ವೈನಿ ಅವರು ಹೋದ ಕಡೆ ಒಮ್ಮೆ ತಿರುಗಿ ನೋಡಿ ನಮ್ಮ ಮುಖದ ಮೇಲೆ ಬಾಗಿಲು ಹಾಕಿದರು. ತನ್ನ ಗಂಡ ದಾರಿ ತಪ್ಪಿದ್ದನೇನೋ ಎಂದು ಆಕೆ ಜೀವವಿರುವವರೆಗೆ ಸಂಶಯಪಡಲಿ, ಅದೂ ನಡೆಯುತ್ತದೆ. ಕತೆ ತನ್ನದಲ್ಲ ಎಂದು ಮಾತ್ರ ಗೊತ್ತಾಗಬಾರದು. ಆ ಮನುಷ್ಯ ಆರಿಸಿಕೊಂಡದ್ದು ಅದನ್ನು. ಅವರು ನಮ್ಮ ಮನೆಯಲ್ಲಿ ಓದುತ್ತಿದ್ದ ಪದ್ಯಗಳ ದನಿ ಆ ಹೊತ್ತಿಗೆ ನನ್ನ ಕಿವಿಯಲ್ಲಿ ಕೊಳೆತುಹೋಯಿತು. ಇವತ್ತಿಗೂ ಯಾರಾದರೂ ಹಾಗೆ ರಾಗವಾಗಿ ಓದಿದರೆ ಎದ್ದು ಹೋಗುತ್ತೇನೆ.

ದಾರಿಯಲ್ಲಿ ಅಕ್ಕ ಒಂದೇ ಒಂದು ಮಾತಾಡಿದಳು. "ವೈನೀದು ಪಾಪ ಅನಸ್ತು."

ಶ್ರಾವಣ ಮುಗಿಯುವ ಹೊತ್ತಿಗೆ ಸೆಕ್ರೆಟರಿ ಅಕ್ಕನನ್ನು ಕರೆಸಿದರು. ಒಳ್ಳೆಯವರೇ. ಎದ್ದು ನಿಂತು ಮಾತಾಡಿದರಂತೆ. "ನಾ ಏನ ನಂಬೂದಿಲ್ರಿ ಅಕ್ಕೋರ. ಆದ್ರ ಹೆಣ್ಣಹುಡುಗ್ಯಾರು ಕಲಿಯು ಸಾಲಿ ಇದು. ನಾಕ ಮಂದಿ ತಂದಿ-ತಾಯಿ ಬಂದು ಕೇಳ್ಯಾರ. ಈ ವರ್ಷದ ಜಾಗಾ ಬ್ಯಾರೆಯವ್ರಿಗೆ ಆಗಲಿ. ಮುಂದ ನೋಡೂಣು." ಕಾಯಂ ಜಾಗಕ್ಕೆ ಬೇರೆಯವರು ಬಂದರು. ಅಕ್ಕನಿಗೆ ತರಗತಿಗಳೇ ಉಳಿಯಲಿಲ್ಲ.

ಧಾರಾವಾಹಿಯ ಕೊನೆಯ ಕಂತು ಬಂದಾಗ ಮಳೆ ಹಿಂದೆ ಸರಿದಿತ್ತು. ಅಂಗಳದಲ್ಲಿ ಕಾಕು ಹಾಸಿಗೆ ಒಣಹಾಕಿದ್ದಳು. ಅಕ್ಕ ಬಿಸಿಲಿಗೆ ಕೂತು ಓದಿದಳು. ನಾನು ಅವಳಿಗಿಂತ ಮೊದಲೇ ರೈಲಿನಲ್ಲಿ ಓದಿದ್ದೆ. ಕೊಲೆಗಾರ್ತಿ ಕಲಾವತಿಯೇ. ಪಂಡಿತ ತನ್ನನ್ನು ಒಲ್ಲೆ ಎಂದ ಹೊಟ್ಟೆಕಿಚ್ಚಿಗೆ, ಕತ್ತಲೆ ಕೋಣೆಯಲ್ಲಿ ನಿಂತು ಎಲ್ಲರನ್ನೂ ಕಾಯ್ದು ಕೊಂದಿದ್ದಳು. ಪಂಡಿತನೇ ಅದನ್ನು ಪತ್ತೆ ಹಚ್ಚುತ್ತಾನೆ. ಆಕೆ ತುಂಬಿದ ಹೊಳೆಗೆ ಹಾರುತ್ತಾಳೆ. ಹೇಳಲು ನನಗೆ ಕಷ್ಟವಾಗುತ್ತದೆ, ಆದರೆ ಅದನ್ನು ಅವರು ಚೆನ್ನಾಗಿ ಬರೆದಿದ್ದರು. ಹೊಳೆಯ ಸದ್ದು ಕೇಳಿಸುವಂತಿತ್ತು. ಕೆಟ್ಟದಾಗಿ ಬರೆದಿದ್ದರೆ ನಾನು ಅವರನ್ನು ಇಷ್ಟು ದ್ವೇಷಿಸುತ್ತಿರಲಿಲ್ಲವೇನೋ.

ಅಕ್ಕ ಓದಿ ಮುಗಿಸಿ ಪತ್ರಿಕೆಯನ್ನು ಮೊಣಕಾಲ ಮೇಲಿಟ್ಟುಕೊಂಡಳು.

"ತೂತಿನ ಎತ್ತರ ಬದಲ ಮಾಡೂದ ಮರತಾನ" ಎಂದಳು. "ಮೊದಲ ಕಂತಿನ್ಯಾಗ ನಾ ಹೇಳಿದಂಗ ಬರದಾನ, ಸೊಂಟದ ಮಟ್ಟಕ್ಕ ಅಂತ. ಈಗ ಕಲಾವತಿ ನಿಂತ ನೋಡ್ತಾಳ. ನಿಂತಾಕಿಗೆ ಹೆಂಗ ಕಾಣತೈತಿ?"

ನನಗೂ ಹೊಳೆದಿರಲಿಲ್ಲ. "ಇದನ್ನರ ಪತ್ರಿಕಾಕ್ಕ ಬರಿಯೂಣಕ್ಕಾ! ಇದಂತೂ ಸಾಕ್ಷಿ ಆತಲ್ಲ!" ಎಂದೆ.

"ಯಾರಿಗೆ ಬೇಕಾಗೇತಿ ಶಾರೀ? ಓದೋರೆಲ್ಲಾ ಆಕಿ ಹೊಳಿಗೆ ಹಾರೂದನ್ನ ಕಾಯಾಕತ್ತಿದ್ರು" ಎಂದಳು.

ಆದರೂ ನಾನು ಅವಳಿಗೆ ಹೇಳದೆ ಬರೆದೆ. ಪತ್ರಿಕೆಯವರು ಅಚ್ಚು ಹಾಕಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಅದರ ಬದಲು ಓದುಗರ ಮೆಚ್ಚುಗೆಯ ಪತ್ರಗಳು ವಾರಗಟ್ಟಲೆ ಬಂದವು. ಮುಂದೆ ಅದು ಪುಸ್ತಕವಾಯಿತು, ಬಹುಮಾನ ಬಂತು, ನಾಟಕವೂ ಆಯಿತು. ಇಷ್ಟು ಮುದ್ರಣಗಳಲ್ಲಿ ತೂತು ಇನ್ನೂ ಸೊಂಟದ ಮಟ್ಟಕ್ಕೇ ಇದೆ, ಕಲಾವತಿ ಇನ್ನೂ ನಿಂತೇ ನೋಡುತ್ತಾಳೆ. ಒಬ್ಬ ಓದುಗನೂ ಕೇಳಿದ್ದು ನನಗೆ ಗೊತ್ತಿಲ್ಲ.

ದಸರೆಗೆ ಮುಂಚೆ ನಾವು ಖಾನಾಪುರ ಬಿಟ್ಟೆವು. ಸಾಮಾನು ಟೆಂಪೋಕ್ಕೆ ಹೇರುವಾಗ ಕಾಕು ಅಕ್ಕನ ಗಲ್ಲ ಹಿಡಿದುಕೊಂಡು ಅತ್ತಳು. ಅಕ್ಕ ವಾಡೆಯ ಚಿತ್ರಗಳನ್ನೆಲ್ಲ ಅವಳಿಗೇ ಬಿಟ್ಟು ಬಂದಳು. ಮುಂದಿನ ಮಳೆಗೆ ಮಾಡು ಸೋರಿದಾಗ ಅವು ತೊಯ್ದುಹೋದವೆಂದು ಕೇಳಿದೆ.

ಬೆಳಗಾವಿಗೆ ಬಂದ ಮೇಲೆ ಅವಳು ಅಲ್ಲಿನ ಶಹಾಪುರ ಪೇಟೆಯ ಒಂದು ಮಗ್ಗದ ಮನೆಯಲ್ಲಿ ಸೀರೆ ಅಂಚಿಗೆ ನಕ್ಷೆ ಬರೆಯುವ ಕೆಲಸ ಹಿಡಿದಳು. ಗ್ರಾಫ್ ಹಾಳೆಯ ಮೇಲೆ ಚೌಕ ತುಂಬುವುದು, ಅಷ್ಟೇ. ನವಿಲು, ಮಾವಿನಕಾಯಿ, ರುದ್ರಾಕ್ಷಿ ಸಾಲು. ಇಂದಿಗೂ ಅದನ್ನೇ ಮಾಡುತ್ತಾಳೆ. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಯಾರೋ ಏನೋ ಹೇಳಿದ್ದರಿಂದ ಮುರಿಯಿತು. ಮೂರನೆಯದಕ್ಕೆ ಅವಳೇ ಬೇಡವೆಂದಳು. ಅಪ್ಪ ಸಾಯುವ ಮುಂಚೆ ಅವಳ ಕೈಯಿಂದಲೇ ನೀರು ಕುಡಿದರು. ಆದರೆ ಅಂದು ಕೇಳಿದ ಪ್ರಶ್ನೆಯ ಬಗ್ಗೆ ಇಬ್ಬರೂ ಮತ್ತೆ ತುಟಿ ಬಿಚ್ಚಲಿಲ್ಲ. ದೇಶನೂರ ಸರ್ ತೀರಿಕೊಂಡಾಗ ಪತ್ರಿಕೆಗಳಲ್ಲಿ ಅವರ ಅಪೂರ್ವ ಕಲ್ಪನಾಶಕ್ತಿಯನ್ನು ಹೊಗಳಿ ಬರೆದರು. ನಾನು ಓದಿ ಹೇಳಿದೆ. "ಹೌದ?" ಎಂದು ಅಕ್ಕ ಚೌಕ ತುಂಬುವುದನ್ನು ಮುಂದುವರಿಸಿದಳು.

ನನ್ನ ಮಗಳು ಸಣ್ಣವಳಿದ್ದಾಗ ಒಂದು ಸಂಜೆ ಕರೆಂಟು ಹೋಗಿತ್ತು. ಅಕ್ಕ ನಮ್ಮ ಮನೆಗೆ ಬಂದಿದ್ದಳು. ಮಗಳು ಅವಳ ತೊಡೆಯ ಮೇಲೆ ಹತ್ತಿ ಕೂತು, "ದೊಡ್ಡವ್ವಾ, ಒಂದ ಕತಿ ಹೇಳ" ಎಂದಳು. ನಾನು ಒಳಗೆ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿದೆ. ಎಷ್ಟೋ ವರ್ಷಗಳಿಂದ ಕೇಳದ ಆ ದನಿ ಈಗ ಸುರುವಾದೀತೆಂದು ಕಾದೆ.

ಅಕ್ಕ ಮಗಳ ಜಡೆ ನೇವರಿಸಿದಳು. "ನನಗ ಕತಿ ಬರೂದಿಲ್ಲವಾ" ಎಂದಳು. "ನಿಮ್ಮ ಅವ್ವಗ ಕೇಳು."